ಅಕ್ಕೋರಿಗೆ ಕೇಳಿ: ಸೀರೆಯ ಚೀಟಿಯಲ್ಲಿ ಅಡಗಿದ ಬೆಲೆ

ಹೋದ ತಿಂಗಳು ಗುಟ್ಟಿನ ಬರಹದ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಮಾಳಮಡ್ಡಿಯ ನಮ್ಮ ಮನೆಯ ಮೇಜಿನ ಮೇಲೆ ಇನ್ನೂ ಹರಡಿಕೊಂಡಿವೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ಯಾವ ಪಾಠದ ಬಗ್ಗೆಯೂ ಇಷ್ಟು ಆಸೆಯಿಂದ ಯಾರೂ ಕೇಳಿರಲಿಲ್ಲ. ಹಾಗಾಗಿ ಈ ತಿಂಗಳು ಪೂರ್ತಿ ಇದೇ ವಿಷಯ. ಮಗ್ಗಿ ಮತ್ತು ಬಡ್ಡಿ ಲೆಕ್ಕ ಕೇಳಿದವರಿಗೆ ಮುಂದಿನ ತಿಂಗಳು ಉತ್ತರ ಕೊಡುತ್ತೇನೆ.

ಪ್ರಶ್ನೆ: ಅಕ್ಕೋರೇ, ನಾನು ಎಂಟನೇ ಕ್ಲಾಸು. ನಾನು ಮತ್ತು ನನ್ನ ಗೆಳೆಯ ಸೇರಿ ಒಂದು ಗುಪ್ತ ಲಿಪಿ ಮಾಡಿದ್ದೇವೆ. ಇದನ್ನು ಒಡೆದು ತೋರಿಸಿ: 'ಬಾಗೆ ಉದಘಷ್ ಘೆಶೆಚೆ ಯಾ'. ಎಷ್ಟು ಹೊತ್ತು ಬೇಕಾಯಿತು ಅಂತಲೂ ಬರೆಯಿರಿ.
(ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ)

ತಮ್ಮಾ, ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟು ಹೊತ್ತು. ಆದರೆ ಬೇಜಾರು ಮಾಡಿಕೊಳ್ಳಬೇಡ. ನಿಮ್ಮ ಲಿಪಿಯನ್ನೇ ಹೋಲುವ ಲಿಪಿಯನ್ನು ರೋಮಿನ ಜೂಲಿಯಸ್ ಸೀಸರ್ ಬಳಸುತ್ತಿದ್ದ. ಅವನು ಎ ಬರೆಯಬೇಕಾದಲ್ಲಿ ಡಿ ಬರೆಯುತ್ತಿದ್ದ, ಬಿ ಇದ್ದಲ್ಲಿ ಇ. ಪ್ರತಿ ಅಕ್ಷರವನ್ನೂ ಮೂರು ಹೆಜ್ಜೆ ಮುಂದೆ ಸರಿಸುವುದು, ಅಷ್ಟೇ. ನೀವಿಬ್ಬರೂ ಅದನ್ನು ನಮ್ಮ ವ್ಯಂಜನಗಳಿಗೆ ಹೊಂದಿಸಿದ್ದೀರಿ.

ನಾನು ಹೇಗೆ ಒಡೆದೆ ಅಂತ ಹೇಳುತ್ತೇನೆ, ಯಾಕೆಂದರೆ ನಿನಗೆ ಬೇಕಾಗಿರುವುದು ಅದೇ. ಮೊದಲು ಕಣ್ಣಿಗೆ ಬಿದ್ದದ್ದು ಘ ಅಕ್ಷರ. ಇಷ್ಟು ಚಿಕ್ಕ ಬರಹದಲ್ಲಿ ಎರಡು ಸಲ ಘ, ಜೊತೆಗೊಂದು ಷ. ನಾವು ದಿನಾ ಆಡುವ ಕನ್ನಡದಲ್ಲಿ ಇವು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಅಂದರೆ ವ್ಯಂಜನಗಳು ಬದಲಾಗಿವೆ. ಎರಡನೆಯದು, ಸ್ವರಗಳನ್ನು ನೀವು ಮುಟ್ಟಿಲ್ಲ. 'ಉ' ಹಾಗೇ ನಿಂತಿದೆ. ಮೂರನೇ ಪದದಲ್ಲಿ ಎತ್ವ ಮೂರು ಸಲ ಸಾಲಾಗಿ ಬಂದಿದೆ. ಕೊನೆಯ ಪದ ಒಂದೇ ಅಕ್ಷರ, ಅದಕ್ಕೆ ದೀರ್ಘ. ನಮ್ಮ ಮಾತಿನಲ್ಲಿ ಆ ಥರ ಒಂಟಿಯಾಗಿ ನಿಲ್ಲುವ ಪದ ಎಷ್ಟಿವೆ ಹೇಳು? ಬಾ, ತಾ, ಇನ್ನು ಕೆಲವು. ಗೆಳೆಯನಿಗೆ ಬರೆದದ್ದು, ಹಾಗಾಗಿ 'ಬಾ' ಇರಬೇಕು ಅಂದುಕೊಂಡೆ. ಬ ಆದ ಮೇಲೆ ಭ, ಮ, ಯ. ಮೂರು ಹೆಜ್ಜೆ! ಉಳಿದದ್ದನ್ನೂ ಮೂರು ಹೆಜ್ಜೆ ಹಿಂದಕ್ಕೆ ತಂದೆ. ಘ ಹೋಗಿ ಕ ಬಂತು, ಶ ಹೋಗಿ ರ, ಚ ಹೋಗಿ ಗ. 'ಕೆರೆಗೆ'. ಮೊದಲ ಪದದ 'ಗೆ' ಮಾತ್ರ ಸ್ವಲ್ಪ ತಡೆಯಿತು. ಗ ಇಂದ ಹಿಂದೆ ಹೋದರೆ ಖ, ಕ, ಅಲ್ಲಿಗೆ ಸಾಲು ಮುಗಿಯಿತು. ಕೊನೆಗೆ ಸುತ್ತಿ ಹೋದರೆ ಳ. 'ನಾಳೆ ಉಣಕಲ್ ಕೆರೆಗೆ ಬಾ'. ಸರಿ ಅಲ್ವಾ?

'ಬಾ' ಅಂತ ಹೊಳೆಯದಿದ್ದರೂ ನೀವು ಸಿಕ್ಕಿಬೀಳುತ್ತಿದ್ದಿರಿ. ಕನ್ನಡದಲ್ಲಿ ವ್ಯಂಜನ 34. ಸರಿಸಲು ಇರುವ ದಾರಿ 33. ಒಂದೊಂದಾಗಿ ನೋಡುತ್ತಾ ಹೋದರೆ ಯಾವುದೋ ಒಂದರಲ್ಲಿ ಕನ್ನಡ ಕಾಣಿಸಿಯೇ ತೀರುತ್ತದೆ.

ಈಗ ಇದನ್ನು ಗಟ್ಟಿ ಮಾಡೋಣ. ಎಲ್ಲ ಅಕ್ಷರಕ್ಕೂ ಮೂರೇ ಹೆಜ್ಜೆ ಬೇಡ. 2, 5, 1 ಅಂತ ಮೂರು ಅಂಕಿ ಇಟ್ಟುಕೊಳ್ಳಿ. ಮೊದಲ ಅಕ್ಷರ ಎರಡು ಹೆಜ್ಜೆ, ಎರಡನೆಯದು ಐದು, ಮೂರನೆಯದು ಒಂದು, ನಾಲ್ಕನೆಯದಕ್ಕೆ ಮತ್ತೆ ಎರಡು. 'ಕೆರೆಗೆ ಬಾ' ಈಗ 'ಗೆಸೆಘೆ ಮಾ' ಆಗುತ್ತದೆ. ಸ್ವರಗಳಿಗೂ ಬೇರೆ ಅಂಕಿ ಇಟ್ಟು ಸರಿಸಿ. ಇಲ್ಲದಿದ್ದರೆ ಆ ಮೂರು ಎತ್ವ ಮತ್ತೆ ಗುಟ್ಟು ಬಿಟ್ಟುಕೊಡುತ್ತವೆ. ಮತ್ತೆ ಇನ್ನೊಂದು ಮಾತು, ಉಣಕಲ್ ಕೆರೆಗೆ ಹೋಗುವಾಗ ಮನೆಯಲ್ಲಿ ಹೇಳಿ ಹೋಗಿ. ಅದನ್ನು ಗುಟ್ಟು ಮಾಡಬೇಡಿ.

ಪ್ರಶ್ನೆ: ನಮ್ಮ ಅಜ್ಜ ಗದಗಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚಿ ಬಹಳ ವರ್ಷವಾಯಿತು. ಮೊನ್ನೆ ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಸೀರೆ ಚೀಟಿಗಳು ಸಿಕ್ಕವು. ಅವುಗಳ ಮೇಲೆ ಅರ್ಥವಿಲ್ಲದ ಅಕ್ಷರಗಳಿವೆ: ಗಸದ, ವನಳ, ರಯದ, ನಕದ, ಗಬಳ, ರಜದ. ಕೊನೆಯ ಎರಡರ ಮೇಲೆ ಮಾತ್ರ 225, 260 ಅಂತ ಅಂಕಿಯೂ ಇದೆ. ನನಗೆ ಅಜ್ಜನ ನೆನಪು ಅಷ್ಟಾಗಿ ಇಲ್ಲ. ಗಲ್ಲೆಯ ಮೇಲೆ 'ಗುರುವಿನ ದಯೆ ಸಾಕು ಬಾಳಿಗೆ' ಎಂಬ ಹಲಗೆ ಇತ್ತು, ಅದರ ಕೆಳಗೆ ಅವರು ಕೂತಿರುತ್ತಿದ್ದರು ಎನ್ನುವುದಷ್ಟೇ ನೆನಪು. ಈ ಅಕ್ಷರಗಳು ಏನಿರಬಹುದು?
(ಒಬ್ಬ ಓದುಗ, ಬೆಟಗೇರಿ)

ನಿಮ್ಮ ಪತ್ರ ಓದಿ ನಾನು ಎದ್ದು ನಿಂತೆ. ಆ ಅಕ್ಷರಗಳಿಗೆ ಅರ್ಥ ಇದೆ. ಅದನ್ನು ಓದುವ ಕೀಲಿಕೈಯನ್ನೂ ನೀವೇ ಪತ್ರದಲ್ಲಿ ಬರೆದು ಕಳಿಸಿದ್ದೀರಿ, ನಿಮಗೇ ಗೊತ್ತಿಲ್ಲದೆ.

ಉತ್ತರ ಕೊಡುವ ಮುಂಚೆ ನಮ್ಮ ಅಪ್ಪನ ಕತೆ ಹೇಳಬೇಕು. ಅವರು ಹುಬ್ಬಳ್ಳಿಯ ಜವಳಿ ಸಾಲಿನ ಒಂದು ಅಂಗಡಿಯಲ್ಲಿ ದಿವಾನಜಿ, ಅಂದರೆ ಲೆಕ್ಕ ಬರೆಯುವವರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ಗಾದಿಯ ಮೂಲೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೆ. ಪ್ರತಿ ಸೀರೆಗೂ ಒಂದು ಚೀಟಿ. ಚೀಟಿಯ ಮೇಲೆ ಎರಡು ಮೂರು ಅಕ್ಷರ. ಅದು ಅಸಲು ಬೆಲೆ, ಅಂಗಡಿಗೆ ಆ ಸೀರೆ ಎಷ್ಟಕ್ಕೆ ಬಿತ್ತು ಅನ್ನುವುದು. ಗಿರಾಕಿ ಚೌಕಾಶಿ ಮಾಡುವಾಗ ಅಂಗಡಿಯ ಹುಡುಗ ಎಲ್ಲಿಯವರೆಗೆ ಇಳಿಯಬಹುದು ಅಂತ ಅದನ್ನು ನೋಡಿ ತಿಳಿಯುತ್ತಿದ್ದ. ಗಿರಾಕಿಯ ಕಣ್ಣೆದುರಿಗೇ ಇರುತ್ತಿತ್ತು, ಗಿರಾಕಿಗೆ ಮಾತ್ರ ತಿಳಿಯುತ್ತಿರಲಿಲ್ಲ.

ಇದಕ್ಕೆ ಹತ್ತು ಬೇರೆ ಬೇರೆ ವ್ಯಂಜನಗಳಿರುವ ಒಂದು ಸಾಲು ಬೇಕು. ನಮ್ಮಪ್ಪನ ಅಂಗಡಿಯ ಸಾಲು 'ಹರಿಯ ನಾಮವೆ ಸದಾ ಗತಿ'. ಎಣಿಸಿ ನೋಡಿ. ಹ ಒಂದು, ರ ಎರಡು, ಯ ಮೂರು, ನ ನಾಲ್ಕು, ಮ ಐದು, ವ ಆರು, ಸ ಏಳು, ದ ಎಂಟು, ಗ ಒಂಬತ್ತು, ತ ಸೊನ್ನೆ. ಒಂದೂ ಮರಳಿ ಬರುವುದಿಲ್ಲ. 28 ರೂಪಾಯಿಯ ಸೀರೆಗೆ 'ರದ'. 52 ಆದರೆ 'ಮರ'. 84 ಬಂದರೆ 'ದನ'! ಅಂಗಡಿಯ ಹುಡುಗರು ಒಳಗಿನಿಂದ 'ಆ ಮರದ ಸೀರೆ ತಾ' ಅಂತ ಕೂಗುತ್ತಿದ್ದುದು ಇನ್ನೂ ಕಿವಿಯಲ್ಲಿದೆ.

ಈ ಸಾಲನ್ನು ಅಪ್ಪ ನನಗೆ ಹೇಳಿಕೊಟ್ಟಿರಲಿಲ್ಲ. ಏಳನೇ ಕ್ಲಾಸಿನಲ್ಲಿ ನಾನೇ ಕಂಡುಹಿಡಿದೆ. ಎರಡು ವಾರ ಚೀಟಿಗಳನ್ನು ನೋಡುತ್ತಾ ಕೂತೆ. ಕೊನೆಯ ಅಕ್ಷರ ಹೆಚ್ಚಾಗಿ ತ, ಇಲ್ಲದಿದ್ದರೆ ಮ. ಸಗಟು ವ್ಯಾಪಾರದಲ್ಲಿ ಬೆಲೆಗಳು ಹೆಚ್ಚಾಗಿ ಸೊನ್ನೆಗೋ ಐದಕ್ಕೋ ಮುಗಿಯುತ್ತವೆ ತಾನೇ? ಅಲ್ಲಿಗೆ ಎರಡು ಅಂಕಿ ಸಿಕ್ಕವು. ತ ಎಂದೂ ಮೊದಲಿಗೆ ಬರುತ್ತಿರಲಿಲ್ಲ, ಅಂದರೆ ಸೊನ್ನೆ ಅದೇ, ಐದು ಮ. ಮಾರಿದ ಬೆಲೆ ಕಿವಿಗೆ ಬೀಳುತ್ತಿತ್ತು. ಅಸಲು ಅದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಹಾಗೆ ಉಳಿದ ಅಕ್ಷರಗಳೂ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು. ಅಂಕಿಯ ಕ್ರಮದಲ್ಲಿ ಬರೆದು ಓದಿದಾಗ 'ಹರಿಯ ನಾಮವೆ' ಅಂತ ಕೇಳಿಸಿತು. ಆ ಗಳಿಗೆಯ ಖುಷಿಗಾಗಿಯೇ ನಾನು ಗಣಿತ ಓದಿದೆ ಅನ್ನಿಸುತ್ತದೆ.

ಅಕ್ಷರ ಎಣಿಸಿ ಗುಟ್ಟು ಒಡೆಯುವ ಈ ದಾರಿಯನ್ನು 9ನೇ ಶತಮಾನದಲ್ಲೇ ಬಾಗ್ದಾದಿನ ಪಂಡಿತ ಅಲ್-ಕಿಂದಿ ಬರೆದಿಟ್ಟಿದ್ದಾನೆ. ಒಂದು ಭಾಷೆಯಲ್ಲಿ ಯಾವ ಅಕ್ಷರ ಜಾಸ್ತಿ ಬರುತ್ತದೆ ಅಂತ ಎಣಿಸಿಕೋ, ಗುಪ್ತ ಬರಹದಲ್ಲಿ ಯಾವ ಗುರುತು ಜಾಸ್ತಿ ಇದೆ ಅಂತಲೂ ಎಣಿಸು, ಎರಡನ್ನೂ ಪಕ್ಕಪಕ್ಕ ಇಡು. ಇಂಗ್ಲಿಷಿನಲ್ಲಿ ಜಾಸ್ತಿ ಬರುವುದು ಇ. ನೂರು ಅಕ್ಷರಕ್ಕೆ ಸುಮಾರು ಹನ್ನೆರಡು ಸಲ. ನಮ್ಮಲ್ಲಿ ನ, ರ, ದ, ಲ, ತ, ಗ ಇವು ಮೇಲೆ. ಙ, ಞ ಹುಡುಕಿದರೂ ಸಿಗುವುದು ಕಷ್ಟ. ನಾನು ಪಾಠ ಮಾಡುವಾಗ ಮಕ್ಕಳಿಗೆ ಪತ್ರಿಕೆಯ ಒಂದು ತುಂಡು ಕೊಟ್ಟು ಎಣಿಸಲು ಹೇಳುತ್ತಿದ್ದೆ. ನೀವೂ ಒಮ್ಮೆ ಎಣಿಸಿ ನೋಡಿ. 'ಅನ್ನು', 'ಅಲ್ಲಿ', 'ಇಂದ' ಅಂತ ಪದದ ಬಾಲಕ್ಕೆ ಅಂಟುವ ತುಣುಕುಗಳೇ ಎಷ್ಟು ಸಲ ಬರುತ್ತವೆ ಅಂತ ಆಶ್ಚರ್ಯ ಆಗುತ್ತದೆ. ಲಿಪಿ ಬದಲಾಯಿಸಿದರೂ ಭಾಷೆಯ ಈ ರೂಢಿ ಬದಲಾಗುವುದಿಲ್ಲ. ಒಡೆಯುವವನು ಹಿಡಿಯುವುದು ಅದನ್ನೇ.

ಈಗ ನಿಮ್ಮ ಅಜ್ಜನ ಚೀಟಿಗಳು. ಕೊನೆಯ ಅಕ್ಷರ ನೋಡಿ. ದ, ಳ, ದ, ದ, ಳ, ದ. ಇವೇ ಐದು ಮತ್ತು ಸೊನ್ನೆ ಇರಬೇಕು. ಈಗ ಹಲಗೆಯ ಸಾಲಿಗೆ ಬನ್ನಿ. 'ಗುರುವಿನ ದಯೆ ಸಾಕು ಬಾಳಿಗೆ'. ಗ, ರ, ವ, ನ, ದ, ಯ, ಸ, ಕ, ಬ, ಳ. ಸರಿಯಾಗಿ ಹತ್ತು. ಕೊನೆಯ 'ಗೆ' ಬಿಡಬೇಕು, ಗ ಮೊದಲೇ ಬಂದಿದೆ. ಐದನೆಯದು ದ, ಹತ್ತನೆಯದು ಳ! ಗಸದ ಅಂದರೆ 175. ವನಳ 340. ರಯದ 265. ನಕದ 485. ಗಬಳ 190, ಅದನ್ನು ಮಾರಲು ಇಟ್ಟ ಬೆಲೆ 225. ಲಾಭ 35 ರೂಪಾಯಿ.

ರಜದ ಒಂದು ಉಳಿಯಿತು. ಜ ಆ ಸಾಲಿನಲ್ಲಿ ಇಲ್ಲವೇ ಇಲ್ಲ. ಇಲ್ಲಿ ನಿಮ್ಮ ಅಜ್ಜ ನಮ್ಮಪ್ಪನ ಅಂಗಡಿಗಿಂತ ಜಾಣರು. ಒಂದೇ ಅಂಕಿ ಎರಡು ಸಲ ಬಂದರೆ ಅಕ್ಷರವೂ ಎರಡು ಸಲ ಬಂದು, ನೋಡಿದವರಿಗೆ ಸುಳಿವು ಸಿಗುತ್ತದೆ. 100 ಅನ್ನು 'ಗಳಳ' ಅಂತ ಬರೆದರೆ ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕೆ 'ಹಿಂದಿನ ಅಂಕಿಯೇ ಮತ್ತೆ' ಅನ್ನಲು ಹೊರಗಿನದೊಂದು ಅಕ್ಷರ ಇಟ್ಟುಕೊಂಡಿದ್ದಾರೆ. ರಜದ ಅಂದರೆ 225. ಮಾರುವ ಬೆಲೆ 260. ಮತ್ತೆ ಅದೇ 35. ಎರಡೂ ಸೀರೆಯ ಮೇಲೆ ಒಂದೇ ಲಾಭ ಇಟ್ಟಿದ್ದಾರೆ ನೋಡಿ, ಬೆಲೆ ಹೆಚ್ಚಾಯಿತು ಅಂತ ಲಾಭ ಹೆಚ್ಚಿಸಿಲ್ಲ. ಅಜ್ಜನ ನೆನಪು ಅಷ್ಟಾಗಿ ಇಲ್ಲ ಅಂದಿರಿ. ಈ ಚೀಟಿಗಳನ್ನು ಜೋಪಾನ ಮಾಡಿ.

ಪ್ರಶ್ನೆ: ಕೋಡ್, ಸೈಫರ್ ಎರಡೂ ಒಂದೇ ಅಲ್ಲವೇ? ಪರೀಕ್ಷೆಯಲ್ಲಿ ವ್ಯತ್ಯಾಸ ಬರೆಯಿರಿ ಅಂತ ಕೇಳಿದ್ದರು.
(ಪಿಯುಸಿ ವಿದ್ಯಾರ್ಥಿನಿ, ಹಾವೇರಿ)

ಒಂದೇ ಅಲ್ಲ ತಂಗಿ. ಸೈಫರ್ ಅಕ್ಷರವನ್ನು ಹಿಡಿಯುತ್ತದೆ, ಕೋಡ್ ಅರ್ಥವನ್ನು ಹಿಡಿಯುತ್ತದೆ. ಮೇಲಿನ ಹುಡುಗನ ಬರಹ ಸೈಫರ್. ಅಕ್ಷರಕ್ಕೊಂದು ನಿಯಮ, ಯಾವ ಮಾತನ್ನು ಕೊಟ್ಟರೂ ಅದು ಕೆಲಸ ಮಾಡುತ್ತದೆ. ಕೋಡಿಗೆ ಪುಸ್ತಕ ಬೇಕು. ನಿಮ್ಮ ಅಜ್ಜಿಯನ್ನು ಕೇಳು, ಮದುವೆಗೆ ಶುಭಾಶಯದ ತಂತಿ ಕಳಿಸುವಾಗ ಅಂಚೆ ಕಚೇರಿಯ ಪಟ್ಟಿಯಿಂದ ಒಂದು ಸಂಖ್ಯೆ ಆರಿಸಿದರೆ ಸಾಕಾಗಿತ್ತು. ಆ ಕಡೆ ಪೂರ್ತಿ ಹಾರೈಕೆಯ ಸಾಲು ಅಚ್ಚಾಗಿ ಬರುತ್ತಿತ್ತು. ನಮ್ಮಲ್ಲಿ 2013ರ ಜುಲೈನಲ್ಲಿ ತಂತಿ ಸೇವೆ ನಿಂತುಹೋಯಿತು. ಆ ಸಂಖ್ಯೆ ಕೋಡ್, ಆದರೆ ಗುಟ್ಟಲ್ಲ. ಹಣ ಮತ್ತು ಸಮಯ ಉಳಿಸಲು ಮಾಡಿದ್ದು. ತಂತಿಯ ಮೋರ್ಸ್ ಕೋಡ್ ಕೂಡ ಗುಟ್ಟಲ್ಲ, ಅದರ ಚುಕ್ಕಿ ಮತ್ತು ಗೆರೆಯ ಪಟ್ಟಿ ಎಲ್ಲರಿಗೂ ಗೊತ್ತಿದೆ. ಕೋಡ್ ಅಂದ ಕೂಡಲೇ ಗುಟ್ಟು ಅಂದುಕೊಳ್ಳಬಾರದು. ಪರೀಕ್ಷೆಯಲ್ಲಿ ಈ ಮಾತನ್ನೂ ಸೇರಿಸು.

ಸೈಫರಿನಲ್ಲಿ ಎರಡು ಜಾತಿ. ಅಕ್ಷರದ ಬದಲು ಬೇರೆ ಅಕ್ಷರ ಇಡುವುದು ಒಂದು. ಅಕ್ಷರ ಅವೇ ಇದ್ದು ಜಾಗ ಮಾತ್ರ ಅದಲುಬದಲು ಮಾಡುವುದು ಇನ್ನೊಂದು. 'ಸವಣೂರು' ಅನ್ನು 'ರುಣೂವಸ' ಅಂತ ಬರೆದರೆ ಅದು ಎರಡನೆಯ ಜಾತಿ.

ಪ್ರಶ್ನೆ: ನಮ್ಮ ಹಾವೇರಿಯ ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಮಾತಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಇದೂ ನಿಮ್ಮ ಗುಪ್ತಲಿಪಿಯ ಲೆಕ್ಕಕ್ಕೆ ಬರುತ್ತದೆಯೇ?
(ರೈತ, ಹಾವೇರಿ ತಾಲ್ಲೂಕು)

ಅಣ್ಣಾರೆ, ಬರುತ್ತದೆ, ಆದರೆ ಪಕ್ಕದ ಮನೆಯ ಲೆಕ್ಕಕ್ಕೆ. ಮಾತು ಕಾಣುತ್ತದೆ, ಅರ್ಥ ತಿಳಿಯುವುದಿಲ್ಲ, ಇದು ಗುಪ್ತಲಿಪಿ. ಮಾತೇ ಕಾಣುವುದಿಲ್ಲ, ಇದು ಬಚ್ಚಿಡುವ ವಿದ್ಯೆ. ಟವೆಲ್ ಎತ್ತಿದರೆ ಗುಟ್ಟು ಮುಗಿಯಿತು. ಜವಳಿ ಸಾಲಿನ ಚೀಟಿಗೆ ಟವೆಲ್ ಇರಲಿಲ್ಲ, ಅದು ಬಯಲಲ್ಲೇ ಇತ್ತು.

ಬಚ್ಚಿಡುವ ವಿದ್ಯೆಯ ಹಳೆಯ ಕತೆಯೊಂದನ್ನು ಗ್ರೀಸಿನ ಹೆರೊಡೋಟಸ್ ಬರೆದಿದ್ದಾನೆ. ಒಬ್ಬ ದೊರೆ ನಂಬಿಕೆಯ ಆಳಿನ ತಲೆ ಬೋಳಿಸಿ, ಅಲ್ಲಿ ಹಚ್ಚೆಯಲ್ಲಿ ಸಂದೇಶ ಬರೆಸಿ, ಕೂದಲು ಬೆಳೆಯುವವರೆಗೆ ಕಾದು, ಆಮೇಲೆ ಕಳಿಸಿದನಂತೆ. ಹೋದಲ್ಲಿ ಮತ್ತೆ ಬೋಳಿಸಿ ಓದಿಕೊಂಡರು. ನಿಂಬೆ ರಸದಲ್ಲಿ ಬರೆದು ಒಣಗಿಸಿ, ದೀಪದ ಬಿಸಿ ತಾಗಿಸಿ ಓದುವ ಆಟ ನೀವೂ ಆಡಿರಬಹುದು. ಸಂತೆಯವರು ಬಚ್ಚಿಡುವುದನ್ನೂ ಗುಪ್ತಲಿಪಿಯನ್ನೂ ಕೂಡಿಸಿದರೆ ಜೋರು. ಟವೆಲ್ಲಿನ ಕೆಳಗೆ ಬೆರಳು, ಯಾವ ಬೆರಳಿಗೆ ಎಷ್ಟು ಅನ್ನುವುದು ಆ ಇಬ್ಬರಿಗೇ ಗೊತ್ತು.

ಪ್ರಶ್ನೆ: ಎಲ್ಲವೂ ರೋಮು, ಗ್ರೀಸು, ಬಾಗ್ದಾದು. ನಮ್ಮ ದೇಶದಲ್ಲಿ, ನಮ್ಮ ಕನ್ನಡದಲ್ಲಿ ಇಂಥದ್ದು ಇರಲಿಲ್ಲವೇ?
(ನಿವೃತ್ತ ಸಂಸ್ಕೃತ ಅಧ್ಯಾಪಕರು, ಧಾರವಾಡ)

ಇತ್ತು ಸರ್. ವಾತ್ಸ್ಯಾಯನ ಕಾಮಸೂತ್ರದಲ್ಲಿ ಹೇಳುವ 64 ಕಲೆಗಳಲ್ಲಿ ಮ್ಲೇಚ್ಛಿತ ವಿಕಲ್ಪವೂ ಒಂದು. ಗುಟ್ಟಾಗಿ ಬರೆಯುವ, ಮಾತಾಡುವ ಕಲೆ. ಆ ಗ್ರಂಥಕ್ಕೆ ಯಶೋಧರ ಬರೆದ ವ್ಯಾಖ್ಯಾನದಲ್ಲಿ ಮೂಲದೇವೀಯ ಎಂಬ ಪದ್ಧತಿ ಬರುತ್ತದೆ. ಅಕ್ಷರಗಳನ್ನು ಜೋಡಿ ಮಾಡಿ ಒಂದರ ಜಾಗಕ್ಕೆ ಇನ್ನೊಂದನ್ನು ತರುವುದು. ತ ಇದ್ದಲ್ಲಿ ಪ, ಪ ಇದ್ದಲ್ಲಿ ತ. ನ ಇದ್ದಲ್ಲಿ ಮ, ಮ ಇದ್ದಲ್ಲಿ ನ. 'ತಪ' ಹೋಗಿ 'ಪತ' ಆಗುತ್ತದೆ, 'ಮನ' ಹೋಗಿ 'ನಮ' ಆಗುತ್ತದೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು. ಬರೆಯಲು ಮತ್ತು ಬಿಡಿಸಲು ಒಂದೇ ಪಟ್ಟಿ ಸಾಕು. ಎರಡು ಸಲ ಮಾಡಿದರೆ ಮೊದಲಿನ ಮಾತೇ ವಾಪಸ್ ಬರುತ್ತದೆ.

ಕಟಪಯಾದಿ ನಿಮಗೆ ಗೊತ್ತೇ ಇದೆ. ಅಕ್ಷರಕ್ಕೆ ಅಂಕಿ ಕೊಟ್ಟು, ಹಿಂದುಮುಂದಾಗಿ ಓದುವುದು. ಕರ್ನಾಟಕ ಸಂಗೀತದ ಮೇಳಗಳ, ಅಂದರೆ ಮೂಲ ರಾಗಗಳ, ಹೆಸರಿನಲ್ಲಿ ಇದೇ ಲೆಕ್ಕ ಇದೆ. ಮಾಯಾಮಾಳವಗೌಳದ ಮ ಐದು, ಯ ಒಂದು, ತಿರುಗಿಸಿದರೆ 15ನೇ ಮೇಳ. ಶಂಕರಾಭರಣ 29ನೇ ಮೇಳ. ಆ ಲೆಕ್ಕ ಕೂಡಲೆಂದೇ ಹೆಸರಿನ ಮುಂದೆ 'ಧೀರ' ಸೇರಿಸಿದ್ದಾರೆ. ಧ ಒಂಬತ್ತು, ರ ಎರಡು. ನಮ್ಮೂರು ಹಿಂದೂಸ್ತಾನಿ ಸಂಗೀತದ ಊರು, ಈ ಮೇಳಗಳ ಮಾತು ಇಲ್ಲಿ ಕಡಿಮೆ. ಆದರೂ ಗಣಿತದವರಿಗೆ ಇದು ಹಬ್ಬ. ಇದು ಗುಟ್ಟಲ್ಲ, ನೆನಪಿಗೆ ಮಾಡಿದ್ದು. ಆದರೆ ಜವಳಿ ಸಾಲಿನ ಚೀಟಿ ಇದರ ದೂರದ ತಂಗಿ ಇದ್ದ ಹಾಗೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಕನ್ನಡದಲ್ಲಿ ಸಿರಿಭೂವಲಯ ಎಂಬ ಗ್ರಂಥದ ಹೆಸರು ಹೇಳಲೇಬೇಕು. ಅಕ್ಷರವೇ ಇಲ್ಲ, 1ರಿಂದ 64ರವರೆಗಿನ ಅಂಕಿ ಮಾತ್ರ. 27 ಮನೆ ಅಗಲ, 27 ಮನೆ ಉದ್ದದ ಚೌಕಗಳು. ಒಂದೊಂದರಲ್ಲಿ 729 ಅಂಕಿ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ, ಅದನ್ನು ಅವರಿಗೇ ಬಿಡುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಓದುವ ದಾರಿ. ಯಾವ ಮನೆಯಿಂದ ಶುರು ಮಾಡಿ, ಯಾವ ಕಡೆಗೆ ಜಿಗಿಯಬೇಕು ಎಂಬ ಬಂಧ ಗೊತ್ತಿದ್ದರೆ ಪದ್ಯ, ಗೊತ್ತಿಲ್ಲದಿದ್ದರೆ ಬರೀ ಅಂಕಿ.

ಪ್ರಶ್ನೆ: ಯಾರೂ ಒಡೆಯಲಾಗದ ಗುಪ್ತಲಿಪಿ ಇದೆಯೇ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಗದಗ)

ಇದೆ, ಒಂದೇ ಒಂದು. ಆದರೆ ಅದನ್ನು ಬಳಸುವುದು ಕಷ್ಟ.

ಮೇಲಿನ ಹುಡುಗನಿಗೆ 2, 5, 1 ಅಂತ ಮೂರು ಅಂಕಿಯ ಕೀಲಿಕೈ ಕೊಟ್ಟೆನಲ್ಲ, ಅದನ್ನು ಇಟಲಿಯ ಬೆಲ್ಲಾಸೊ 1553ರಲ್ಲಿ ಅಚ್ಚು ಹಾಕಿಸಿದ. ಹೆಸರು ಮಾತ್ರ ಆಮೇಲೆ 1586ರಲ್ಲಿ ಪುಸ್ತಕ ಬರೆದ ಫ್ರಾನ್ಸಿನ ವಿಜನೇರ್‌ಗೆ ಅಂಟಿಕೊಂಡಿತು. ಜನ ಬಹಳ ಕಾಲ ಅದನ್ನು ಒಡೆಯಲಾಗದ ಲಿಪಿ ಅಂತಲೇ ನಂಬಿದ್ದರು. 1863ರಲ್ಲಿ ಪ್ರಷ್ಯಾದ ಸೇನಾಧಿಕಾರಿ ಕಸಿಸ್ಕಿ ಅದರ ಬೀಗ ತೆಗೆಯುವ ದಾರಿ ಅಚ್ಚಿನಲ್ಲಿ ಕೊಟ್ಟ. ಕೀಲಿಕೈ ಮೂರು ಅಂಕಿಯದು, ಸುತ್ತಿ ಸುತ್ತಿ ಬರುತ್ತದೆ. 'ಕೆರೆಗೆ' ಎಂಬ ಪದ ಪತ್ರದಲ್ಲಿ ಎರಡು ಸಲ ಬಂದು, ನಡುವಿನ ದೂರ ಮೂರರ ಮಗ್ಗಿಯಲ್ಲಿ ಬಿದ್ದರೆ, ಎರಡೂ ಕಡೆ 'ಗೆಸೆಘೆ' ಅಂತಲೇ ಕಾಣುತ್ತದೆ. ಅಂಥ ಜೋಡಿಗಳ ದೂರ ಅಳೆದು ಅಪವರ್ತನ ತೆಗೆದರೆ ಕೀಲಿಕೈಯ ಉದ್ದ ಸಿಗುತ್ತದೆ. ಆಮೇಲೆ ಉಳಿಯುವುದು ಮೂರು ಸೀಸರ್ ಲಿಪಿ. ಮತ್ತೆ ಎಣಿಸುವುದು.

ಹಾಗಾದರೆ ಕೀಲಿಕೈ ಸುತ್ತಿ ಬರಲೇಬಾರದು. ಪತ್ರ ಎಷ್ಟು ಉದ್ದವೋ ಅಂಕಿಗಳ ಸಾಲೂ ಅಷ್ಟೇ ಉದ್ದ ಇರಬೇಕು. ಅಂಕಿಗಳು ಚೀಟಿ ಎತ್ತಿದ ಹಾಗೆ ಯಾವ ಲೆಕ್ಕಕ್ಕೂ ಸಿಗಬಾರದು. ಒಂದು ಸಲ ಬಳಸಿ ಸುಟ್ಟುಬಿಡಬೇಕು. ಆಗ ಮೂರಕ್ಷರದ ಗುಪ್ತ ಪದ ಕೈಗೆ ಸಿಕ್ಕರೂ ಅದು 'ಕೆರೆಗೆ' ಇರಬಹುದು, 'ಮನೆಗೆ' ಇರಬಹುದು, 'ಗದಗ' ಕೂಡ ಇರಬಹುದು. ಎಲ್ಲವೂ ಸಮ. ಒಡೆಯುವವನಿಗೆ ಹಿಡಿಯಲು ಏನೂ ಇಲ್ಲ. ಇದನ್ನು ಕ್ಲಾಡ್ ಶಾನನ್ ಗಣಿತದಿಂದ ಸಾಧಿಸಿ 1949ರಲ್ಲಿ ಪ್ರಕಟಿಸಿದರು. ಕಷ್ಟ ಎಲ್ಲಿ ಅಂತ ನಿನಗೇ ಹೊಳೆದಿರಬೇಕು. ಅಷ್ಟುದ್ದದ ಕೀಲಿಕೈಯನ್ನು ಗೆಳೆಯನಿಗೆ ಗುಟ್ಟಾಗಿ ಮುಟ್ಟಿಸಲು ಆಗುವುದಾದರೆ, ಪತ್ರವನ್ನೇ ಮುಟ್ಟಿಸಬಹುದಲ್ಲ?

ಪ್ರಶ್ನೆ: ನನ್ನದು ಕಿರಾಣಿ ಅಂಗಡಿ. ಈಗ ಎಲ್ಲ ಗಿರಾಕಿಗಳೂ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ವಾಟ್ಸಾಪಿನಲ್ಲೂ ಸಂದೇಶಕ್ಕೆ ಬೀಗ ಹಾಕಿದೆ ಅಂತ ಬರುತ್ತದೆ. ಆ ಬೀಗ ಹೇಗೆ ಮಾಡಿದ್ದಾರೆ ಅಂತ ಎಲ್ಲರಿಗೂ ಗೊತ್ತಿದೆಯಂತೆ. ಹಾಗಿದ್ದರೆ ಕಳ್ಳನಿಗೂ ಗೊತ್ತಲ್ಲವೇ? ಇದನ್ನು ನಂಬಬಹುದೇ?
(ವ್ಯಾಪಾರಿ, ದುರ್ಗದ ಬೈಲ್, ಹುಬ್ಬಳ್ಳಿ)

ನಂಬಬಹುದು. ಎಲ್ಲರಿಗೂ ಗೊತ್ತಿರುವುದರಿಂದಲೇ ನಂಬಬಹುದು. ನಿಮ್ಮ ಅಂಗಡಿಯ ಶಟರಿನ ಬೀಗವನ್ನೇ ನೋಡಿ. ಅದೇ ಕಂಪನಿಯ ಬೀಗ ಬೈಲಿನ ನೂರು ಅಂಗಡಿಗೆ ಇರಬಹುದು. ಬೀಗ ಹೇಗೆ ಕೆಲಸ ಮಾಡುತ್ತದೆ ಅಂತ ರಿಪೇರಿ ಮಾಡುವವನಿಗೂ ಗೊತ್ತು. ಅದರಿಂದ ನಿಮಗೇನೂ ಹಾನಿ ಇಲ್ಲ, ಕೀಲಿಕೈ ನಿಮ್ಮ ಕಿಸೆಯಲ್ಲಿ ಇರುವವರೆಗೆ. ಕೆರ್ಕಾಫ್ಸ್ ಎಂಬ ಪಂಡಿತರು 1883ರಲ್ಲೇ ಇದನ್ನು ನಿಯಮವಾಗಿ ಬರೆದರು. ಪದ್ಧತಿ ಶತ್ರುವಿನ ಕೈಗೆ ಸಿಕ್ಕರೂ ಗುಟ್ಟು ಉಳಿಯಬೇಕು. ಬಯಲಿಗಿಟ್ಟ ಬೀಗವನ್ನು ಸಾವಿರ ಜನ ಜಗ್ಗಿ ನೋಡಿರುತ್ತಾರೆ. 'ಪದ್ಧತಿಯನ್ನೇ ಗುಟ್ಟಾಗಿ ಇಟ್ಟಿದ್ದೇವೆ, ಅದಕ್ಕೇ ಭದ್ರ' ಅನ್ನುವವರನ್ನು ನಾನು ನಂಬುವುದಿಲ್ಲ.

ಕೆಟ್ಟ ಬೀಗ ಬೀಗವೇ ಇಲ್ಲದ್ದಕ್ಕಿಂತ ಅಪಾಯ. ಸ್ಕಾಟ್ಲೆಂಡಿನ ರಾಣಿ ಮೇರಿ ಸೆರೆಯಲ್ಲಿದ್ದಾಗ ಗುಪ್ತಲಿಪಿಯಲ್ಲಿ ಪತ್ರ ಬರೆಯುತ್ತಿದ್ದಳು. ಯಾರಿಗೂ ತಿಳಿಯದು ಅಂತ ನಂಬಿ, ಇಂಗ್ಲೆಂಡಿನ ರಾಣಿಯನ್ನು ಕೊಲ್ಲುವ ಸಂಚಿನ ಪತ್ರಕ್ಕೂ ಅದೇ ಲಿಪಿಯಲ್ಲಿ ಉತ್ತರ ಬರೆದಳು. ಪತ್ರಗಳು ದಾರಿಯಲ್ಲೇ ಇಂಗ್ಲೆಂಡಿನ ಬೇಹಿನವರ ಕೈ ಸೇರುತ್ತಿದ್ದವು, ಅವರು ಲಿಪಿ ಒಡೆದಿದ್ದರು. 1587ರ ಫೆಬ್ರವರಿಯಲ್ಲಿ ಅವಳ ತಲೆ ಹೋಯಿತು.

ಈಗಿನ ಬೀಗದ ದೊಡ್ಡ ಗಣಿತ 1976, 1977ರಲ್ಲಿ ಹೊರಗೆ ಬಂತು. ಮೊದಲು ಡಿಫಿ ಮತ್ತು ಹೆಲ್ಮನ್, ಆಮೇಲೆ ರಿವೆಸ್ಟ್, ಶಮೀರ್, ಆಡ್ಲ್‌ಮನ್. ತೆರೆದ ಬೀಗವನ್ನು ಊರಿಗೆಲ್ಲ ಹಂಚಿ, ಕೀಲಿಕೈ ಮಾತ್ರ ಮನೆಯಲ್ಲಿ ಇಟ್ಟುಕೊಂಡ ಹಾಗೆ. ಯಾರು ಬೇಕಾದರೂ ಒತ್ತಿ ಮುಚ್ಚಬಹುದು, ತೆಗೆಯುವವರು ನೀವೊಬ್ಬರೇ. ಇದರ ಒಂದು ಬಗೆ ಗುಣಾಕಾರದ ಮೇಲೆ ನಿಂತಿದೆ. 61 ಗುಣಿಸು 53 ಅಂದರೆ 3233 ಅಂತ ನಿಮ್ಮ ಮಗ ಅರ್ಧ ನಿಮಿಷದಲ್ಲಿ ಹೇಳುತ್ತಾನೆ. ಬರೀ 3233 ಕೊಟ್ಟು, ಯಾವ ಎರಡು ಸಂಖ್ಯೆ ಗುಣಿಸಿದ್ದು ಅಂತ ಕೇಳಿ ನೋಡಿ. ನೂರಾರು ಅಂಕಿಗಳ ಉದ್ದದ ಸಂಖ್ಯೆಯಾದರೆ ಇವತ್ತಿನ ಕಂಪ್ಯೂಟರುಗಳೂ ಕೈಚೆಲ್ಲುತ್ತವೆ.

ನಮ್ಮ ಓಣಿಯ ಹಿರಿಯರೊಬ್ಬರು ಹೋದ ವರ್ಷ ಫೋನಿನಲ್ಲಿ ಕೇಳಿದವನಿಗೆ ಒಟಿಪಿ ಹೇಳಿಬಿಟ್ಟರು. ಪೆನ್ಶನ್ ದುಡ್ಡು ಹೋಯಿತು. ಅಲ್ಲಿ ಯಾವ ಬೀಗವೂ ಮುರಿಯಲಿಲ್ಲ. ಕೀಲಿಕೈಯನ್ನು ಅವರೇ ಕಿಟಕಿಯಿಂದ ಕೊಟ್ಟ ಹಾಗಾಯಿತು. ಆ ನಾಲ್ಕಾರು ಅಂಕಿಯೇ ಕೀಲಿಕೈ. ಬ್ಯಾಂಕಿನವರು ಅಂದರೂ ಹೇಳಬೇಡಿ, ಪೊಲೀಸ್ ಅಂದರೂ ಹೇಳಬೇಡಿ. ಅಂಗಡಿಯ ಹುಡುಗರಿಗೂ ಇದನ್ನು ತಿಳಿಸಿ.

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ. ಡೈರಿ ಬರೆಯುತ್ತಾಳೆ. ಈಚೆಗೆ ಯಾವುದೋ ಗುಪ್ತ ಅಕ್ಷರದಲ್ಲಿ ಬರೆಯುತ್ತಿದ್ದಾಳೆ. ನನಗೆ ನಿದ್ದೆ ಬರುತ್ತಿಲ್ಲ. ಒಂದು ಹಾಳೆ ಹರಿದು ಇದರ ಜೊತೆ ಕಳಿಸಿದ್ದೇನೆ. ದಯವಿಟ್ಟು ಓದಿ ಹೇಳಿ ಅಕ್ಕೋರೇ.
(ಒಬ್ಬ ತಾಯಿ, ಧಾರವಾಡ)

ತಂಗಿ, ಹಾಳೆ ಬಿಚ್ಚಿದೆ. ಮೊದಲ ಸಾಲು ನೋಡಿದಾಗಲೇ ಯಾವ ಪದ್ಧತಿ ಅಂತ ಗೊತ್ತಾಯಿತು. ಅಲ್ಲಿಗೇ ಮಡಚಿ ಇಟ್ಟೆ. ನಾನು ಓದಿಲ್ಲ, ಓದುವುದೂ ಇಲ್ಲ.

ನಿಮ್ಮ ಹೆದರಿಕೆಯನ್ನು ನಾನು ಸಣ್ಣದು ಅನ್ನುತ್ತಿಲ್ಲ. ಅವಳು ಊಟ ಬಿಟ್ಟಿದ್ದರೆ, ರಾತ್ರಿ ಮಲಗದಿದ್ದರೆ, ಫೋನು ಬಂದರೆ ಬೆಚ್ಚುತ್ತಿದ್ದರೆ, ಶಾಲೆಗೆ ಹೋಗಲು ಒಲ್ಲೆ ಅನ್ನುತ್ತಿದ್ದರೆ, ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ಅವಳು ಇಷ್ಟಪಡುವ ಟೀಚರ್ ಹತ್ತಿರ ಮಾತಾಡಿ. ಆದರೆ ಬರೀ ಲಿಪಿಯಲ್ಲಿ ಬರೆಯುವುದು ಅಂಥ ಗುರುತಲ್ಲ. ನಾವು ಚಿಕ್ಕವರಿದ್ದಾಗ ಪ್ರತಿ ಅಕ್ಷರದ ನಡುವೆ 'ಪ' ಸೇರಿಸಿ ಮಾತಾಡುತ್ತಿರಲಿಲ್ಲವೇ? ದೊಡ್ಡವರ ಮುಂದೆಯೇ ಆಡುತ್ತಿದ್ದೆವು. ಅದರಲ್ಲಿ ಅರ್ಧ ಮಾತು ಹುಣಸೆಹಣ್ಣಿನದು.

ಮೇಲೆ ಜವಳಿ ಸಾಲಿನ ಕತೆ ಅರ್ಧಕ್ಕೆ ಬಿಟ್ಟೆ. ಕೀಲಿಕೈ ಕಂಡುಹಿಡಿದ ಖುಷಿಯಲ್ಲಿ ನಾನು ಸೋದರತ್ತೆಗೆ ಹೇಳಿಬಿಟ್ಟೆ. ಅತ್ತೆ ಅಂಗಡಿಗೆ ಬಂದು, ಚೀಟಿ ನೋಡಿ, ಅಸಲಿಗೆ ಒಂದು ರೂಪಾಯಿ ಮೇಲೆ ಕೇಳಿ ಪಟ್ಟು ಹಿಡಿದಳು. ಮಾಲೀಕರು ಅಪ್ಪನ ಮುಖ ನೋಡಿದರು. ಅಪ್ಪ ತಲೆ ತಗ್ಗಿಸಿದ್ದನ್ನು ನಾನು ಮೂಲೆಯಿಂದ ನೋಡಿದೆ. ಆ ದೀಪಾವಳಿಗೆ ಅಂಗಡಿಯ ಸಾಲು ಬದಲಾಯಿತು, ಎಲ್ಲ ಚೀಟಿಗಳನ್ನೂ ಹೊಸದಾಗಿ ಬರೆದರು. ಅಪ್ಪ ಬೈಯಲಿಲ್ಲ. 'ಅಂಗಡಿ ಮಾತು ಅಂಗಡ್ಯಾಗ ಇರಬೇಕವ್ವಾ' ಅಂದರು, ಅಷ್ಟೇ. ಎಣಿಕೆಯೆಲ್ಲ ಬರೆದಿಟ್ಟ ನನ್ನ ನೋಟ್‌ಬುಕ್ಕು ಗಾದಿಯ ಮೇಲೇ ಬಿದ್ದಿತ್ತು. ಅದನ್ನು ತೆರೆದು ನೋಡದೆ ನನ್ನ ಪಾಟಿಚೀಲಕ್ಕೆ ಹಾಕಿದರು.

ನಿಮ್ಮ ಹಾಳೆಯನ್ನು ಅದೇ ಲಕೋಟೆಯಲ್ಲಿ ಇಟ್ಟು ನಿನ್ನೆ ಅಂಚೆಗೆ ಹಾಕಿದ್ದೇನೆ. ಅವಳ ಕೈಗೇ ಕೊಡಿ. 'ಹರಿದದ್ದು ನಾನೇ' ಅಂತ ಹೇಳಿ, ಯಾರೂ ಓದಿಲ್ಲ ಅಂತಲೂ ಹೇಳಿ.